ಊರು, ತಂದೆಯ ಕಸುಬು

ಮಕ್ಕಳ ಮನೋವೈದ್ಯೆಯಾಗಲು ಓದುತ್ತಿದ್ದ ನನ್ನ ವಿದ್ಯಾರ್ಥಿನಿಯನ್ನು ಸವಣೂರಿನ ತಾಲ್ಲೂಕು ಪಂಚಾಯಿತಿ ಸಭೆಯೊಂದರಲ್ಲಿ ಮಾತಿಗೆ ನಿಲ್ಲಿಸಿದ್ದೆ. ತಾಲ್ಲೂಕಿನ ಶಾಲೆಗಳಿಗೆ ಆಪ್ತಸಮಾಲೋಚಕರು ಬೇಕೆಂದು ಕೇಳಬೇಕಿತ್ತು. 'ಅಂಕಿಸಂಖ್ಯೆ ಬಿಡು, ಒಂದು ಮಗುವಿನ ಕಥೆ ಹೇಳು, ಹೆಸರು ಮಾತ್ರ ಬೇಡ' ಎಂದು ಕಲಿಸಿದವಳು ನಾನೇ.

ಹೆಸರನ್ನೇನೋ ಬಿಟ್ಟಳು. ಆದರೆ ವಾರ್ಡಿನಲ್ಲಿ ದೊಡ್ಡ ಡಾಕ್ಟರಿಗೆ ರೋಗಿಯ ವಿವರ ಒಪ್ಪಿಸುವ ಧಾಟಿಯಲ್ಲೇ ಶುರುಮಾಡಿದಳು: "ಹದಿನಾಲ್ಕು ವರ್ಷದ ಹುಡುಗಿ. ಬದುಕೋದೇ ಬೇಡ ಅಂತಿದ್ದಾಳೆ."

ಆ ಹಾಳು ರೂಢಿಯಲ್ಲಿ ಮುಂದೆ ಬರುವುದು ಊರು, ತಂದೆಯ ಕಸುಬು. ಇಲ್ಲಿ ಅಷ್ಟು ಸಾಕು, ಮನೆಯ ಬಾಗಿಲೇ ಸಿಕ್ಕಿಬಿಡುತ್ತದೆ.

ಸದಸ್ಯರೊಬ್ಬರು ಮುಂದಕ್ಕೆ ಬಾಗಿದರು. "ಯಾರ ಮಗಳ್ರಿ ಆಕಿ?"

ಅವಳು ಬಾಯಿ ತೆರೆದಳು. ನಾನು ಎದ್ದು ನಿಂತೆ.

"ನನ್ನ ಮಗಳ್ರಿ."

ಯಾರೂ ಮುಂದೆ ಕೇಳಲಿಲ್ಲ. ನನಗೆ ಮಕ್ಕಳಿಲ್ಲ.