ಐದು ಸಾವಿರದ ತೊಂಬತ್ತಾರು ರಾತ್ರಿ

ಬೀದಿಯವರೆಲ್ಲ ಅವಳನ್ನು ಹಡಗಿನವಳು ಎಂದೇ ಕರೆಯುತ್ತಿದ್ದರು. ಅವಳು ಹಡಗಿನ ಮೇಲೆ ಗಾಳಿ ಕುಡಿಯುತ್ತ, ದೇಶ ನೋಡುತ್ತ ಹಾಯಾಗಿ ಕಾಲ ಕಳೆದು ಬಂದವಳೆಂದು ಅವರ ನಂಬಿಕೆ. ನಿಜದಲ್ಲಿ ಅವಳು ಹತ್ತೊಂಬತ್ತು ವರ್ಷ ಕಳೆದದ್ದು ನೀರಿನ ಮಟ್ಟಕ್ಕಿಂತ ಕೆಳಗಿದ್ದ, ಕಿಟಕಿಯೇ ಇಲ್ಲದ ಲಾಂಡ್ರಿಯಲ್ಲಿ. ಮೂರು ಸಾವಿರ ಪ್ರವಾಸಿಗರು ಮಲಗೆದ್ದ ಚಾದರಗಳು, ಈಜುಕೊಳದ ಟವೆಲುಗಳು, ಊಟದ ಮೇಜಿನ ಬಟ್ಟೆಗಳು ದಿನವೂ ಮೇಲಿನಿಂದ ಬಂದು ಬೀಳುತ್ತಿದ್ದವು. ಒಗೆದು, ಇಸ್ತ್ರಿಯಾಗಿ, ಮಡಿಕೆ ಕೂತು ಮತ್ತೆ ಮೇಲಕ್ಕೆ ಹೋಗುತ್ತಿದ್ದವು. ಸಮುದ್ರ ಹೇಗಿರುತ್ತೆ ಎಂದು ಯಾರಾದರೂ ಕೇಳಿದರೆ ಅವಳು "ಅಲ್ಲಾಡುತ್ತೆ" ಎನ್ನುತ್ತಿದ್ದಳು. ಜನ ಅದನ್ನು ಜಂಬವೆಂದುಕೊಂಡರು. ಅವಳಿಗೆ ಗೊತ್ತಿದ್ದದ್ದೇ ಅಷ್ಟು.

ಕೆಲಸ ಬಿಟ್ಟ ಮೇಲೆ ಅವಳು ಅಕ್ಕನ ಜೊತೆ ಇದ್ದಳು. ಅಕ್ಕನಿಗೆ ಎಪ್ಪತ್ತೊಂದು. ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಮುದ್ರೆ ಒತ್ತಿ ನಿವೃತ್ತಳಾದವಳು, ಮಾತಿನಲ್ಲೂ ಹಾಗೇ, ಒತ್ತಿದ್ದು ಅಳಿಸುವಂತಿರಲಿಲ್ಲ. ಮಂಡಿ ಮಾತ್ರ ಕೈಕೊಟ್ಟಿತ್ತು. ಹತ್ತು ನಿಮಿಷ ನಿಂತರೆ ಕುಂಬಳಕಾಯಿಯಂತೆ ಊದಿಕೊಳ್ಳುತ್ತಿತ್ತು.

"ಸಾಯೋದರೊಳಗೆ ನಿನ್ನ ಹಡಗನ್ನ ಒಂದು ಸಲ ನೋಡ್ಬೇಕು ಕಣೇ," ಎಂದಳು ಅಕ್ಕ ಒಂದು ದಿನ, ಅವರೆಕಾಯಿ ಬಿಡಿಸುವಷ್ಟೇ ಸಲೀಸಾಗಿ. "ನಿನ್ನ ಬಾಯಲ್ಲಂತೂ ಏನೂ ಹೊರಡಲ್ಲ. ನಾನೇ ಹೋಗಿ ನೋಡ್ಕೊಂಡು ಬರ್ತೀನಿ."

ಹಾಗೆ ಅವರಿಬ್ಬರೂ ಟ್ರಾವೆಲ್ಸ್ ಆಫೀಸಿಗೆ ಹೋದರು. ಅಲ್ಲಿ ಕೂತಿದ್ದ ಹೆಂಗಸು ಚುರುಕಿನವಳು. ಅವಳ ಬೆನ್ನ ಹಿಂದಿನ ಗೋಡೆಗೆ ದೊಡ್ಡದೊಂದು ಹಾಳೆ ಅಂಟಿಸಿತ್ತು: ಎಡಗಡೆ ನೀಲಿ ಚಿಮಣಿಯ ಕಂಪನಿ, ಬಲಗಡೆ ಕೆಂಪು ಚಿಮಣಿಯ ಕಂಪನಿ, ಮತ್ತೆ ಮತ್ತೆ ಬರುವ ಪ್ರಯಾಣಿಕರಿಗೆ ಯಾರು ಏನೇನು ಕೊಡುತ್ತಾರೆಂಬ ಹೋಲಿಕೆ. ಎರಡರಲ್ಲೂ ಬೆಳ್ಳಿ, ಚಿನ್ನ, ವಜ್ರ ಎಂಬ ಮೂರು ದರ್ಜೆ. ನೀಲಿಯವರು ಹಡಗಿನಲ್ಲಿ ಕಳೆದ ರಾತ್ರಿಗಳನ್ನು ಎಣಿಸುತ್ತಾರೆ, ಇನ್ನೂರು ರಾತ್ರಿಯಾದರೆ ವಜ್ರ. ಕೆಂಪಿನವರು ಖರ್ಚು ಮಾಡಿದ್ದನ್ನು ಎಣಿಸುತ್ತಾರೆ. ಚಿನ್ನ ಮುಟ್ಟಿದವರಿಗೆ ನೀಲಿಯಲ್ಲಿ ಒಂದು ಚೀಲ ಬಟ್ಟೆ ಪುಕ್ಕಟೆಯಾಗಿ ಒಗೆದುಕೊಡುತ್ತಾರೆ, ವಜ್ರದವರಿಗೆ ಎರಡು ಚೀಲ, ಅದೂ ಬೇಗ. ಕೆಂಪಿನಲ್ಲಿ ಚೀಲ ವಜ್ರದವರಿಗೆ ಮಾತ್ರ, ಬದಲಿಗೆ ಸಂಜೆ ಎರಡು ಲೋಟ ಪಾನೀಯ. ಕ್ಯಾಪ್ಟನ್ ಜೊತೆ ನಿಂತು ಫೋಟೋ ಎರಡೂ ಕಡೆ.

ಹಡಗಿನವಳು ಎದ್ದು ಹೋಗಿ ಆ ಹಾಳೆಯನ್ನು ಹತ್ತಿರದಿಂದ ಓದಿದಳು.

"ಇದು ತಪ್ಪು," ಎಂದಳು. "ಬೇಗ ಒಗೆದುಕೊಡೋದು ಅಂತ ಏನೂ ಇಲ್ಲ. ವಜ್ರದವರ ಚೀಲಕ್ಕೆ ಹಳದಿ ಚೀಟಿ ಹಾಕ್ತಾರೆ. ಯಂತ್ರ ಒಂದೇ, ನೀರು ಒಂದೇ, ಕೈ ನಮ್ಮದೇ."

"ಹೌದಾ ಅಮ್ಮ?" ಟ್ರಾವೆಲ್ಸಿನ ಹೆಂಗಸು ಪೆನ್ನು ಎತ್ತಿಕೊಂಡಳು.

"ಚೀಲ ಕಾಗದದ್ದು. ಹರಿಯೋವರೆಗೂ ತುರುಕ್ತಾರೆ. ಕೆಲವರು ಕೊಳೆ ಬಟ್ಟೆನ ಮನೆಯಿಂದಲೇ ಗಂಟು ಕಟ್ಕೊಂಡು ಬರ್ತಾರೆ. ಒಬ್ಬಾಕೆ ಮನೆ ಕಿಟಕಿ ಪರದೆಗಳನ್ನ ತಂದಿದ್ಲು, ಕೊಕ್ಕೆ ಸಮೇತ. ಕೊಕ್ಕೆ ಸಿಕ್ಕಿ ಯಂತ್ರ ಕೆಟ್ಟು ಎರಡು ದಿನ ನಿಂತಿತ್ತು. ಬೈಗುಳ ನಮಗೆ, ಕ್ಷಮಾಪಣೆ ಪತ್ರ ಅವಳಿಗೆ."

ಅಕ್ಕ ಕುರ್ಚಿಯಲ್ಲಿ ಕೂತಲ್ಲೇ ನಕ್ಕಳು. "ಹತ್ತೊಂಬತ್ತು ವರ್ಷ ಬಾಯಿ ಮುಚ್ಕೊಂಡಿದ್ದೆ. ಗೋಡೆ ಮೇಲಿನ ಹಾಳೆ ನೋಡಿದ್ದೇ ಬಂತು ನೋಡು ಮಾತು."

ಆದರೆ ಆ ಹಾಳೆಯಲ್ಲಿ ಅವರಿಗೆ ಬೇಕಾದದ್ದು ಒಂದೇ ಸಾಲು. ಹಡಗು ಹತ್ತುವ ದಿನ ಬಂದರಿನಲ್ಲಿ ಎರಡು ಮೂರು ತಾಸು ಸಾಲಿನಲ್ಲಿ ನಿಲ್ಲಬೇಕು. ಚಿನ್ನ, ವಜ್ರದವರಿಗೆ ಮಾತ್ರ ಬೇರೆ ಕೋಣೆ, ಕುರ್ಚಿ, ಬೇರೆ ಬಾಗಿಲು. ಗಾಲಿಕುರ್ಚಿ ಕೇಳಬಹುದಿತ್ತು. ಆದರೆ ಗಾಲಿಕುರ್ಚಿ ಎಂದು ಬರೆಸಿದವರನ್ನು, ದಾರಿಯಲ್ಲಿ ಸಿಗುವ ಊರುಗಳಿಗೆ ಕರೆದೊಯ್ಯುವ ಚಿಕ್ಕ ದೋಣಿಗೆ ಇಳಿಸುವುದಿಲ್ಲ. "ಹಡಗಲ್ಲೇ ಕಟ್ಟಿಹಾಕ್ಕೊಂಡು ಕೂರೋಕೆ ನಾನೇನು ಲಂಗರೇ?" ಎಂದು ಅಕ್ಕ ಆ ಮಾತನ್ನು ಅಲ್ಲಿಗೇ ಮುಗಿಸಿದಳು.

"ನೀವು ಮೊದಲು ಹಡಗಲ್ಲಿ ಹೋಗಿದ್ದೀರಲ್ಲ ಅಮ್ಮ," ಎಂದಳು ಟ್ರಾವೆಲ್ಸಿನ ಹೆಂಗಸು. "ಎಷ್ಟು ರಾತ್ರಿ ಆಗಿರಬಹುದು?"

ಹಡಗಿನವಳು ಕೈಚೀಲದಿಂದ ತನ್ನ ಸೇವಾ ಪುಸ್ತಕ ತೆಗೆದಳು. ಹಡಗಿನ ನೌಕರರಿಗೆಲ್ಲ ಅಂಥದ್ದೊಂದಿರುತ್ತದೆ. ಹತ್ತಿದ ದಿನ ಒಂದು ಮುದ್ರೆ, ರಜೆಗೆ ಇಳಿದ ದಿನ ಒಂದು ಮುದ್ರೆ. ಅದರಲ್ಲಿನ ರಾತ್ರಿಗಳನ್ನು ಅಕ್ಕ ಎಂದೋ ಕೂಡಿಸಿಟ್ಟಿದ್ದಳು. ಮುದ್ರೆಗಳ ವಿಷಯದಲ್ಲಿ ಅವಳು ಬೇರೆಯವರನ್ನು ನಂಬುವವಳಲ್ಲ.

"ಐದು ಸಾವಿರದ ತೊಂಬತ್ತಾರು," ಎಂದಳು ಅಕ್ಕ.

ಆ ಹೆಂಗಸಿನ ಪೆನ್ನು ನಿಂತಿತು. "ಇದರಲ್ಲಿ ಇಪ್ಪತ್ತೈದು ಸಲ ವಜ್ರ ಆಗಬಹುದಿತ್ತು," ಎಂದಳು, ತಮಾಷೆಯಿಲ್ಲದೆ. ಬರೆದು ಕೇಳೋಣ ಎಂದು ಅವಳೇ ಹೇಳಿದಳು.

ಅವಳು ದುಡಿದಿದ್ದ ನೀಲಿ ಕಂಪನಿಯ ಉತ್ತರ ಹನ್ನೊಂದು ದಿನಕ್ಕೆ ಬಂತು. ನಿಮ್ಮ ದೀರ್ಘ ನಿಷ್ಠೆಗೆ ನಾವು ಆಭಾರಿಗಳು ಎಂದು ಶುರುವಾಗಿತ್ತು. ನೌಕರರಾಗಿ ಕಳೆದ ರಾತ್ರಿಗಳು ನಿಷ್ಠಾವಂತ ಪ್ರಯಾಣಿಕರ ಯೋಜನೆಗೆ ಒಳಪಡುವುದಿಲ್ಲ ಎಂದು ಮುಗಿದಿತ್ತು. ಒಂದು ಪುಟದಲ್ಲಿ ನಿಷ್ಠೆಯನ್ನು ಹೊಗಳಿ ಅದೇ ಪುಟದಲ್ಲಿ ಅದನ್ನು ಎಣಿಕೆಯಿಂದ ತೆಗೆದುಹಾಕಿದ ಆ ಮನುಷ್ಯನಿಗೆ ಬರೆಯುವಾಗ ಕೈ ತಡೆಯಲಿಲ್ಲವೇ ಎಂದು ಹಡಗಿನವಳು ಬಹಳ ಹೊತ್ತು ಯೋಚಿಸಿದಳು. ನಾಚಿಕೆಯೆಂಬುದು ಕೆಲವು ಕಚೇರಿಗಳ ಸಾಮಾನು ಪಟ್ಟಿಯಲ್ಲೇ ಇರುವುದಿಲ್ಲ.

ಕೆಂಪು ಕಂಪನಿಯ ಕತೆ ಇನ್ನೂ ಚೆನ್ನ. ಬೇರೆ ಕಂಪನಿಯ ಹಡಗುಗಳಲ್ಲಿ ಬಹಳ ರಾತ್ರಿ ಕಳೆದವರಿಗೆ ಅವರು ತಮ್ಮಲ್ಲೂ ಅದೇ ದರ್ಜೆ ಕೊಟ್ಟು ಸೆಳೆದುಕೊಳ್ಳುತ್ತಿದ್ದರು. ಅವರ ಅರ್ಜಿಯಲ್ಲಿ ಎಷ್ಟು ರಾತ್ರಿ ಎಂಬ ಪ್ರಶ್ನೆಯಿತ್ತು, ಯಾವ ಅಂತಸ್ತಿನಲ್ಲಿ ಎಂಬ ಪ್ರಶ್ನೆ ಇರಲಿಲ್ಲ. ಅವಳು ಇದ್ದದ್ದನ್ನು ಇದ್ದಂತೆ ಬರೆದಳು. ಮೂರೇ ದಿನಕ್ಕೆ ಉತ್ತರ: ಅಭಿನಂದನೆಗಳು, ನೀವು ನಮ್ಮ ವಜ್ರ ದರ್ಜೆಯವರು, ಪುರಾವೆ ಕಳಿಸಿಕೊಡಿ. ಅಕ್ಕ ಸಂಜೆಯೊಳಗೆ ಇಡೀ ಬೀದಿಗೆ ಸುದ್ದಿ ಮುಟ್ಟಿಸಿದಳು. "ನನ್ನ ತಂಗಿ ವಜ್ರ ಕಣ್ರೀ," ಎಂದು ಹಾಲಿನವನಿಗೂ ಹೇಳಿದಳು. ಪುರಾವೆಯೆಂದು ಸೇವಾ ಪುಸ್ತಕದ ಪ್ರತಿ ಹೋಯಿತು. ಮರುದಿನವೇ ಎರಡನೆಯ ಪತ್ರ ಬಂತು, ಈ ಸಲ ಅಭಿನಂದನೆ ಇರಲಿಲ್ಲ. ಪ್ರಯಾಣಿಕರಾಗಿ ಕಳೆದ ರಾತ್ರಿಗಳು ಮಾತ್ರ.

"ಹಾಲಿನವನಿಗೆ ಈಗ ಏನು ಹೇಳ್ಲಿ?" ಎಂದಳು ಅಕ್ಕ.

"ವಜ್ರ ಕಳೆದುಹೋಯ್ತು ಅನ್ನು."

ಹಡಗಿನವಳು ನಗಲಿಲ್ಲ. ಚಿನ್ನದವರು ಮಲಗಿದ್ದು ಅವಳು ಒಗೆದ ಚಾದರದ ಮೇಲೆ. ಅದೇ ಹಡಗು, ಅದೇ ನೀರು, ಅದೇ ರಾತ್ರಿ. ಅವರದು ಎಣಿಕೆಗೆ ಬಂತು, ಅವಳದು ಬರಲಿಲ್ಲ. ಅವರು ಹೋದದ್ದು ಸುಖಕ್ಕೆ, ಬೇಜಾರಾದರೆ ಮುಂದಿನ ಸಲ ಇನ್ನೊಂದು ಕಂಪನಿ. ಅವಳು ಜ್ವರದಲ್ಲೂ ಇಸ್ತ್ರಿಯ ಆವಿಯೆದುರು ನಿಂತವಳು, ತಾಯಿ ಸತ್ತ ಸುದ್ದಿ ಬಂದ ದಿನವೂ ಸರದಿ ಮುಗಿಸಿದವಳು. ಇದಕ್ಕೆ ನಿಷ್ಠೆ ಎನ್ನದಿದ್ದರೆ ಆ ಪದವನ್ನು ಇನ್ನೆಲ್ಲಿ ಬಳಸುತ್ತಾರೋ ತಿಳಿಯದು.

"ಹಾಗಾದರೆ ಯಾವ ಕಂಪನಿ ಬರೆಯಲಿ ಅಮ್ಮ?" ಎಂದು ಟ್ರಾವೆಲ್ಸಿನ ಹೆಂಗಸು ಕೇಳಿದಾಗ ಹಡಗಿನವಳು ತಡಮಾಡಲಿಲ್ಲ.

"ನೀಲಿ. ಸೊನ್ನೆಯೇ ಆಗೋದಾದ್ರೆ ದುಡಿದ ಕಡೆಯೇ ಆಗ್ತೀನಿ." ಹಡಗೂ ಅದೇ, ಅವಳು ಕೊನೆಯ ಹನ್ನೊಂದು ವರ್ಷ ಇದ್ದದ್ದು.

ಹೊರಡುವ ದಿನ ಬಂದರಿನ ಹಜಾರದಲ್ಲಿ ಸಾಲು ಹಾವಿನಂತೆ ನಾಲ್ಕು ಸುತ್ತು ಸುತ್ತಿಕೊಂಡಿತ್ತು. ಒಂದು ಮೂಲೆಯಲ್ಲಿ ದಪ್ಪ ಹಗ್ಗ ಕಟ್ಟಿ ಬೇರೆ ಮಾಡಿದ ಜಾಗ, ಅಲ್ಲಿ ಸೋಫಾಗಳು, ಹಗುರವಾದ ಬೆತ್ತದ ಕುರ್ಚಿಗಳು. ಅರ್ಧಕ್ಕರ್ಧ ಖಾಲಿ. ಕಾಲುಗಂಟೆಯೊಳಗೆ ಅಕ್ಕನ ಮುಖ ಬಿಳುಚಿತು. "ಏನಿಲ್ಲ ಬಿಡೇ," ಎಂದಳು, ತಂಗಿಯ ಹೆಗಲನ್ನು ಬಿಗಿಯಾಗಿ ಹಿಡಿದುಕೊಂಡೇ.

ಹಡಗಿನವಳು ಹಗ್ಗದ ಕೊಂಡಿ ಬಿಚ್ಚಿ ಒಳಗೆ ಹೋದಳು, ಒಂದು ಕುರ್ಚಿ ಎತ್ತಿಕೊಂಡು ಬಂದಳು, ಅಕ್ಕನನ್ನು ಕೂರಿಸಿದಳು. ಸಾಲು ಮುಂದೆ ಹೋದಾಗ ಅಕ್ಕ ಏಳುವಳು, ಇವಳು ಕುರ್ಚಿಯನ್ನು ಮೂರು ಹೆಜ್ಜೆ ಮುಂದಿಡುವಳು, ಅಕ್ಕ ಕೂರುವಳು. ಹಿಂದಿದ್ದ ವಯಸ್ಸಾದ ಗಂಡಸು ಬಗ್ಗಿ, "ಎಲ್ಲಿ ಕೊಡ್ತಾ ಇದ್ದಾರೆ ತಾಯಿ ಕುರ್ಚಿ?" ಎಂದ.

"ಕೊಡ್ತಿಲ್ಲ. ತಗೋಬೇಕು."

ಟೈ ಕಟ್ಟಿದ ಮೇಲ್ವಿಚಾರಕ ಬರಲು ಹೆಚ್ಚು ಹೊತ್ತಾಗಲಿಲ್ಲ.

"ಮೇಡಂ, ಈ ಕುರ್ಚಿ ಚಿನ್ನ, ವಜ್ರದವರಿಗೆ. ನಿಮ್ಮ ಕಾರ್ಡ್ ತೋರಿಸ್ತೀರಾ?"

ಅವಳು ಸೇವಾ ಪುಸ್ತಕ ಕೊಟ್ಟಳು. ಅವನು ನಾಲ್ಕು ಪುಟ ತಿರುವಿದ.

"ಇದು ನೌಕರರ ಪುಸ್ತಕ."

"ಹೌದು. ಐದು ಸಾವಿರದ ತೊಂಬತ್ತಾರು ರಾತ್ರಿ."

"ಇದಕ್ಕೆ ಕುರ್ಚಿ ಇಲ್ಲ ಮೇಡಂ."

"ಗೊತ್ತು. ನಿಂತು ಮಾಡೋ ಕೆಲಸ, ಅವತ್ತೂ ಕುರ್ಚಿ ಇರ್ಲಿಲ್ಲ. ನಾನು ನನಗೆ ಕೇಳ್ತಿಲ್ಲ. ಕೂತಿರೋಳು ನಮ್ಮಕ್ಕ."

"ನಾನು ಹೇಳೋದು ನಿಯಮ. ದಯವಿಟ್ಟು ಕುರ್ಚಿನ ಎಲ್ಲಿಂದ ತಂದ್ರೋ ಅಲ್ಲೇ ಇಡಿ."

ಅವಳು ಅವನ ಮುಖವನ್ನು ಒಂದು ಗಳಿಗೆ ನೋಡಿದಳು. "ಅಲ್ಲೇ ಇಡ್ಬೇಕಾ?"

"ಅಲ್ಲೇ."

"ಏಳು ಅಕ್ಕ," ಎಂದಳು. ಒಂದು ಕೈಯಲ್ಲಿ ಕುರ್ಚಿ, ಇನ್ನೊಂದರಲ್ಲಿ ಅಕ್ಕನ ತೋಳು. ಹಗ್ಗ ದಾಟಿ ಹೋಗಿ, ನೆಲದ ಮೇಲೆ ಕುರ್ಚಿಯ ಕಾಲಿನ ಗುರುತು ನೋಡಿ, ಮೊದಲಿದ್ದಲ್ಲೇ ಇಟ್ಟಳು. ಅದರ ಮೇಲೆ ಅಕ್ಕನನ್ನು ಕೂರಿಸಿದಳು.

"ಇಟ್ಟಿದ್ದೀನಿ," ಎಂದಳು, ಹಿಂದೆಯೇ ಬಂದ ಮೇಲ್ವಿಚಾರಕನಿಗೆ. "ಇನ್ನು ಎಬ್ಬಿಸೋ ಕೆಲಸ ನಿಮ್ದು. ನಾನು ಮಾಡಲ್ಲ. ಅಲ್ಲಿ ಅಷ್ಟು ಜನ ನೋಡ್ತಿದ್ದಾರೆ, ಎಬ್ಬಿಸಿ."

ನಾಲ್ಕು ಸುತ್ತಿನ ಸಾಲು ನಿಜಕ್ಕೂ ನೋಡುತ್ತಿತ್ತು. ಸೋಫಾದ ಮೇಲಿದ್ದವರು ಮೊಬೈಲಿನಲ್ಲಿ ಮುಖ ಹುದುಗಿಸಿದರು. ಅಕ್ಕ ಮಡಿಲಲ್ಲಿ ಕೈ ಜೋಡಿಸಿಕೊಂಡು, ಅಂಚೆ ಕಚೇರಿಯ ಕಿಟಕಿಯ ಹಿಂದಿನಿಂದ ನೋಡುವಂತೆ ಮೇಲ್ವಿಚಾರಕನನ್ನು ನೋಡಿದಳು. "ನಿಮ್ಮ ತಾಯಿಗೆ ಎಷ್ಟು ವಯಸ್ಸಪ್ಪ?" ಎಂದಳು. ಅವನು ವಾಕಿಟಾಕಿಯಲ್ಲಿ ಯಾರೋ ಕರೆದಂತೆ ಮಾಡಿಕೊಂಡು ಹೊರಟುಹೋದ.

ಹತ್ತು ನಿಮಿಷಕ್ಕೆ ಆ ಮೂಲೆಯಲ್ಲಿದ್ದ ಬೇರೆ ಬಾಗಿಲು ತೆರೆಯಿತು. ಒಳಗಿದ್ದವರೆಲ್ಲ ಎದ್ದು ನೇರವಾಗಿ ಹಡಗಿನ ಕಡೆ ನಡೆದರು, ಇವರಿಬ್ಬರೂ ಅವರ ಹಿಂದೆ. ಮುಂದೆ ಹೋಗುತ್ತಿದ್ದ ಹೆಂಗಸಿನ ಬಳಿ ಎರಡು ಪೆಟ್ಟಿಗೆ. "ಚಿಕ್ಕದರಲ್ಲಿ ಮನೆ ಕೊಳೆ ಬಟ್ಟೆ," ಎಂದು ಹಡಗಿನವಳು ಮೆಲ್ಲನೆ ಹೇಳಿದಳು. "ಸುಮ್ನಿರೇ," ಎಂದಳು ಅಕ್ಕ, ನಗು ತಡೆಯುತ್ತ.

ಹಡಗಿನ ಬಾಯಲ್ಲಿ ಮೇಜು ಹಾಕಿಕೊಂಡಿದ್ದ ಹುಡುಗಿ ಕಂಪ್ಯೂಟರ್ ನೋಡಿ, ಬಾಯಿ ತುಂಬ ನಗುತ್ತ ಎರಡು ದುಂಡು ಬಿಲ್ಲೆ ಮುಂದಿಟ್ಟಳು. ಮೇಲೆ 'ನನ್ನ ಮೊದಲ ಹಡಗು ಯಾನ' ಎಂದು ಬರೆದಿತ್ತು.

"ಅವಳಿಗೆ ಕೊಡಿ. ನಂದು ಮೊದಲನೇದಲ್ಲ."

"ಇಲ್ಲಿ ಸೊನ್ನೆ ರಾತ್ರಿ ಅಂತ ತೋರಿಸ್ತಿದೆ ಮೇಡಂ."

"ನಿಮ್ಮ ಕಂಪ್ಯೂಟರಲ್ಲಿ ಏನು ಬೇಕಾದ್ರೂ ತೋರಿಸಿಕೊಳ್ಳಿ. ಆ ಸುಳ್ಳನ್ನ ನಾನು ಎದೆಗೆ ಚುಚ್ಚಿಕೊಂಡು ಓಡಾಡಲ್ಲ." ಅವಳು ಒಂದು ಬಿಲ್ಲೆಯನ್ನು ಒಂದೇ ಬೆರಳಿನಿಂದ ಹಿಂದಕ್ಕೆ ತಳ್ಳಿದಳು.

ಅಕ್ಕ ತನ್ನದನ್ನು ಸೆರಗಿಗೆ ಸಿಕ್ಕಿಸಿಕೊಂಡಳು, ನೇರವಾಗಿ ಕೂತಿದೆಯೇ ಎಂದು ಬಗ್ಗಿ ನೋಡಿಕೊಂಡಳು. "ಸರಿ, ನಡಿ. ಮೇಲಕ್ಕೆ ಹೋಗೋಣ. ಸಮುದ್ರ ತೋರಿಸು."

ಒಳಗೆ ಹಿತ್ತಾಳೆಯ ಕಂಬಿಗಳು, ದಪ್ಪ ಜಮಖಾನ, ಮೂರು ಕಡೆ ಹೊರಟ ಮೆಟ್ಟಿಲುಗಳು. ಹಡಗಿನವಳು ನಿಂತುಬಿಟ್ಟಳು. ಅವಳಿಗೆ ಗೊತ್ತಿದ್ದ ದಾರಿ ಎಡಗಡೆಯ ಬೂದು ಬಾಗಿಲಿನ ಹಿಂದಿನ ಕಬ್ಬಿಣದ ಮೆಟ್ಟಿಲು, ಅದು ಕೆಳಗೆ ಹೋಗುತ್ತಿತ್ತು. ಈ ಜಮಖಾನದ ಮೇಲೆ ಅವಳು ಹನ್ನೊಂದು ವರ್ಷದಲ್ಲಿ ಒಂದು ಸಲವೂ ಕಾಲಿಟ್ಟಿರಲಿಲ್ಲ. ಇಡುವಂತಿರಲಿಲ್ಲ, ಕೆಲಸ ಹೋಗುತ್ತಿತ್ತು. ಬೂದು ಬಾಗಿಲ ಮೇಲೆ ಪ್ರಯಾಣಿಕರಿಗೆ ಪ್ರವೇಶವಿಲ್ಲ ಎಂದು ಬರೆದಿತ್ತು. ಇವತ್ತು ಅದೂ ಅವಳಿಗೆ ಹೇಳಿದ ಮಾತೇ.

"ಯಾಕೇ ನಿಂತೆ?" ಎಂದಳು ಅಕ್ಕ.

"ದಾರಿ ಗೊತ್ತಿಲ್ಲ."

ಅಕ್ಕ ಮಂಡಿಯನ್ನು ಎಳೆದುಕೊಂಡು ನಾಲ್ಕು ಹೆಜ್ಜೆ ಹೋಗಿ, ತಟ್ಟೆ ಹಿಡಿದು ಬರುತ್ತಿದ್ದ ಪರಿಚಾರಕನಿಗೆ ಸೆರಗಿನ ಬಿಲ್ಲೆ ತೋರಿಸಿದಳು.

"ನಂದು ಮೊದಲನೇ ಸಲ ಕಣಪ್ಪ, ಮೇಲಕ್ಕೆ ಹೇಗೆ ಹೋಗ್ಬೇಕು ಹೇಳು," ಎಂದಳು. ಆಮೇಲೆ ಹಿಂದೆ ನಿಂತಿದ್ದ ತಂಗಿಯ ಕಡೆ ಬೆರಳು ಮಾಡಿ, ಸುತ್ತಲಿದ್ದವರಿಗೆಲ್ಲ ಕೇಳುವಂತೆ, "ಅವಳು ಹಳಬಳು. ಐದು ಸಾವಿರದ ತೊಂಬತ್ತಾರು ರಾತ್ರಿ ಆಗಿದೆ. ದಾರಿ ಮಾತ್ರ ನೀವು ತೋರಿಸಿರಲಿಲ್ಲ," ಎಂದಳು.