ಬೋರ್ಡಿನ ಮೇಲಿಂದ ಅಳಿಸಿದ ಹೆಸರು

ಈ ಬರಹದಲ್ಲಿ ಒಂದು ಕೊರತೆ ಇದೆ. ಅದನ್ನು ಮೊದಲೇ ತಿಳಿಸಿ ಓದುಗರ ಕ್ಷಮೆ ಕೇಳುವುದು ಉಚಿತವೆಂದು ಭಾವಿಸುತ್ತೇನೆ. ಇಡೀ ಸಂಗತಿ ಒಂದು ಹೆಸರನ್ನು ಕುರಿತದ್ದು. ಆದರೆ ಆ ಹೆಸರನ್ನು ನಾನು ಇಲ್ಲಿ ಬರೆಯಲಾರೆ. ಉಳಿದ ತಪ್ಪುಗಳು ನನ್ನ ಭಾಷೆಯವು. ನಮ್ಮ ಮನೆತನದಲ್ಲಿ ನನಗಿಂತ ಮೊದಲು ಯಾರೂ ಶಾಲೆಯ ಪಾಟಿ ಹಿಡಿದವರಲ್ಲ. ವಾಕ್ಯ ಸರಿಯಿದೆಯೇ ಎಂದು ಕೇಳಲು ಮನೆಯಲ್ಲಿ ಯಾರೂ ಇರಲಿಲ್ಲ. ಆ ಅಂಜಿಕೆ ಇಂದಿಗೂ ಉಳಿದಿದೆ.

ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿ ಆಗ ಹೆಚ್ಚು ದಿನಗಳಾಗಿರಲಿಲ್ಲ. ಯಾದಗಿರಿಯಲ್ಲಿ ಉರ್ದು ಬೋರ್ಡುಗಳ ಪಕ್ಕದಲ್ಲಿ ಕನ್ನಡದ ಬೋರ್ಡುಗಳು ಏಳತೊಡಗಿದ್ದವು. ನಾನು ಬಿ.ಎ. ಮುಗಿಸಿ ಕೆಲಸ ಹುಡುಕುತ್ತಿದ್ದೆ. ನನಗೆ ಪಾಠ ಹೇಳಿದ್ದ ಅಧ್ಯಾಪಕರೊಬ್ಬರು, ಹಳೆಯ ಮೈಸೂರಿನ ಕಡೆಯವರು, ಪತ್ರಿಕೆ, ರೇಡಿಯೊ ಮತ್ತು ಅಂಗಡಿಯ ಬೋರ್ಡುಗಳು ಜನರಿಗೆ ಏನನ್ನು ಹೇಗೆ ತಲುಪಿಸುತ್ತವೆ ಎಂಬುದನ್ನು ಅಧ್ಯಯನ ಮಾಡುತ್ತಿದ್ದರು. ಸಮೂಹ ಸಂವಹನ ಎಂಬ ಶಬ್ದವನ್ನು ನಾನು ಕೇಳಿದ್ದು ಬಹಳ ವರ್ಷಗಳ ನಂತರ. ಯಾದಗಿರಿ, ಶಹಾಪುರ, ಸುರಪುರಗಳ ಅಂಗಡಿಕಾರರನ್ನು ಕಂಡು, ಅಂಗಡಿಗೆ ಈ ಹೆಸರನ್ನು ಏಕೆ ಇಟ್ಟಿರಿ, ಯಾರನ್ನು ಕೇಳಿ ಇಟ್ಟಿರಿ ಎಂದು ವಿಚಾರಿಸಿ ಬರೆದು ತರುವ ಕೆಲಸವನ್ನು ಅವರು ನನಗೆ ವಹಿಸಿದರು. ಅದು ಸರಿಯಾಗಿ ನಡೆದರೆ ಕಾಲೇಜಿನ ಒಂದು ಹುದ್ದೆಗೆ ನನ್ನನ್ನು ಸೂಚಿಸುವುದಾಗಿಯೂ ಹೇಳಿದರು.

“ಹೇಳಿದವರ ಹೆಸರು ಹಾಳೆಯ ಮೇಲೆ ಬೇಡ, ಸಂಖ್ಯೆ ಹಾಕಿ. ಕೇಳಿದ್ದನ್ನು ನನಗೆ ತಂದುಕೊಡಿ, ಅಷ್ಟೇ. ಮನೆಯಲ್ಲಿ ಊಟಕ್ಕೆ ಕುಳಿತಾಗಲೂ ಅದನ್ನು ಆಡಬೇಡಿ. ಅವರಿಗೂ ಹಾಗೆಂದೇ ಮಾತು ಕೊಡಿ,” ಎಂದಿದ್ದರು.

ಸುರಪುರದಲ್ಲಿ ಬೋರ್ಡಿಲ್ಲದ ಒಂದು ಖಾನಾವಳಿ ಇತ್ತು. ಅಡುಗೆಯೂ ವಹಿವಾಟೂ ಒಬ್ಬ ಹೆಂಗಸಿನದು. ನನ್ನ ಹಾಳೆಗಳನ್ನು ನೋಡಿ ಆಕೆ ನಕ್ಕರು.

“ಹೆಸರಿಲ್ಲದ ಖಾನಾವಳಿಗೆ ಏನ ಕೇಳ್ತೀ ತಮ್ಮಾ? ರೊಟ್ಟಿ ಬಿಸಿ ಅದಾವ, ಮೊದ್ಲ ಉಣ್ಣು.”

ಉಂಡಾದ ಮೇಲೆ, ಕೇಳದೆಯೇ ಹೇಳಿದರು. ನಿಜಾಮನ ಆಳಿಕೆಯ ಕೊನೆಗೆ, ಗಲಾಟೆಯ ವರ್ಷ, ರಜಾಕಾರರಿಗೆ ಅಂಜಿ ಅವರ ಕುಟುಂಬ ಕೃಷ್ಣೆಯನ್ನು ದಾಟಿ ಹೋಗಿತ್ತು. ಆಚೆಯ ದಂಡೆಯ ಊರಿನಲ್ಲಿ ನಾಲ್ಕು ವರ್ಷದ ಮಗಳು ಜ್ವರ ಬಂದು ತೀರಿಕೊಂಡಿದ್ದಳು. ಆ ಮಗುವಿಗೆ ಮನೆಯೊಳಗೆ ಮಾತ್ರ ಕರೆಯುತ್ತಿದ್ದ ಒಂದು ಮುದ್ದಿನ ಹೆಸರಿತ್ತು.

“ಅದನ್ನ ಬರೆಸಬೇಕಂತ ಮನಸೈತಿ. ಬೋರ್ಡ ಬರಿಯಾಂವನ ಮುಂದ ಬಾಯಿ ಬಿಡಾಕ ಆಗವಲ್ದು. ನಮ್ಮ ಮನ್ಯಾಗಿನವರಿಗೂ ಹೇಳಿಲ್ಲ. ನೀನೂ ಯಾರ ಮುಂದ ಹೇಳಬ್ಯಾಡ ಮತ್ತ.”

“ಇಲ್ರಿ ಅಕ್ಕಾರ. ಈ ಹಾಳಿ ಬಿಟ್ಟು ಎಲ್ಲೂ ಹೋಗಂಗಿಲ್ಲ,” ಎಂದೆ.

ಅದೇ ದಿನಗಳಲ್ಲಿ ನನ್ನ ಅಣ್ಣ ಯಾದಗಿರಿಯ ಸ್ಟೇಶನ್ನಿನ ಬಳಿ ಕಂಬಳಿಯ ಅಂಗಡಿ ತೆರೆಯುವವನಿದ್ದ. ಕುರಿ ಕಾಯ್ದು ನನ್ನನ್ನು ಓದಿಸಿದವನು ಅವನೇ. ಒಂದು ಭಾನುವಾರ ನಮ್ಮೂರು ಬಳಿಚಕ್ರದ ಮನೆಯಲ್ಲಿ ಮಧ್ಯಾಹ್ನದ ಊಟಕ್ಕೆ ಕುಳಿತಾಗ, ಅಂಗಡಿಗೆ ಹೆಸರು ಸಿಗದೆ ಅವನು ಬೇಸತ್ತಿದ್ದ.

“ಎಲ್ಲಾ ದೇವ್ರೂ ಮುಗದಾರ. ಹನುಮಪ್ಪನ ಹೆಸರಿನ್ಯಾಗ ಒಂದ ಓಣ್ಯಾಗ ಮೂರು ಅಂಗಡಿ ಅದಾವ. ಬಿ.ಎ. ಓದೀದಿ, ಒಂದ ಹೆಸರ ಹೇಳಾಕ ಬರಂಗಿಲ್ಲೇನೋ?”

“ಅವನ ಬುದ್ಧಿಯೆಲ್ಲಾ ಹಾಳ್ಯಾಗ ಐತಿ,” ಎಂದಳು ಅವ್ವ. “ರೊಟ್ಟಿ ಹಾಕಿದ್ರ ಅದರ ಮ್ಯಾಲೂ ನಂಬರ ಹಾಕ್ಯಾನು.”

ಎಲ್ಲರೂ ನಕ್ಕರು. ನನ್ನ ಓದು ಮನೆಗೆ ಒಮ್ಮೆಯಾದರೂ ಉಪಯೋಗಕ್ಕೆ ಬರಲಿ ಎಂಬ ಆಸೆ ಬಹಳ ದಿನಗಳಿಂದ ಇತ್ತು. ನಾನು ಆ ಹೆಸರನ್ನು ಹೇಳಿಬಿಟ್ಟೆ. ಯಾರದೆಂದು ಹೇಳಲಿಲ್ಲವಲ್ಲ ಎಂದು ಸಮಾಧಾನವನ್ನೂ ಮಾಡಿಕೊಂಡೆ. ಅಣ್ಣ ಅದನ್ನು ಎರಡು ಸಲ ಬಾಯಲ್ಲಿ ಆಡಿಸಿ, “ಹಗರ ಐತಿ, ಚಂದ ಐತಿ,” ಎಂದ.

ಶಹಾಪುರದ ಕೆಲಸ ಮುಗಿಸಿ ವಾರದ ನಂತರ ಯಾದಗಿರಿಯಲ್ಲಿ ಬಸ್ಸಿಳಿದಾಗ ಬೋರ್ಡು ಮೇಲೇರಿತ್ತು. ನೀಲಿಯ ಮೇಲೆ ಬಿಳಿಯ ಅಕ್ಷರಗಳು. ಅದೇ ಹೆಸರು. ಹೆಸರು ಎಲ್ಲಿಂದ ಬಂದದ್ದೆಂದು ಅಣ್ಣನಿಗೆ ಹೇಳಿ, ಅದನ್ನು ತೆಗೆಸು ಎಂದೆ.

“ಹೆಸರಿಗೇನು ಪಟ್ಟಾ ಐತೇನು? ತಹಸೀಲದಾರ ಬರಕೊಟ್ಟಾನ?”

“ಮಾತ ಕೊಟ್ಟಿದ್ದೆ ಅಣ್ಣಾ.”

“ನಾ ಕುರಿ ಹಿಂದ ತಿರಗಿ ನಿನ್ನ ಓದಿಸೀನಿ. ಅದಕ್ಕ ಯಾವ ಮಾತೂ ಇರಲಿಲ್ಲೇನು?”

ಮರುದಿನ ಸುರಪುರಕ್ಕೆ ಹೋಗಿ, ನಡೆದದ್ದನ್ನು ಆಕೆಯ ಮುಂದೆ ನಿಂತು ಹೇಳಿದೆ. ರೊಟ್ಟಿ ಬಡಿಯುತ್ತಿದ್ದವರು ಕೈ ನಿಲ್ಲಿಸಲಿಲ್ಲ. ಹೆಂಚಿನ ಮೇಲಿದ್ದ ರೊಟ್ಟಿ ಸೀದಿತು. ಬೈಗುಳಕ್ಕೆ ನಾನು ಸಿದ್ಧನಾಗಿದ್ದೆ.

“ದೊಡ್ಡ ಅಕ್ಷರ ಏನು?” ಎಂದು ಕೇಳಿದರು.

“ಹೌದ್ರಿ.”

“ಹೆಂಗ ಕಾಣತೈತಿ?”

“ನೀಲಿ ಮ್ಯಾಲ ಬಿಳೇ ಅಕ್ಷರ ರೀ.”

“ನನಗ ತೋರಸು. ಓದಾಕ ಬರಂಗಿಲ್ಲ, ನೋಡಾಕ ಬರತೈತಿ.”

ಎರಡು ದಿನ ಬಿಟ್ಟು, ಅರಿವೆ ತರುವುದಾಗಿ ಮನೆಯಲ್ಲಿ ಹೇಳಿ, ನನ್ನೊಡನೆ ಯಾದಗಿರಿಗೆ ಬಂದರು. ಅಂಗಡಿಯ ಎದುರು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಬಹಳ ಹೊತ್ತು ಮೇಲೆ ನೋಡಿದರು. ಬಾಗಿಲಲ್ಲಿದ್ದ ಅಣ್ಣನಿಗೆ ಆಕೆ ಯಾರೆಂದು ಯಾರೂ ಹೇಳಬೇಕಾಗಲಿಲ್ಲ.

“ಒಮ್ಮಿ ಓದ್ರಿ ಅಣ್ಣಾರ,” ಎಂದರು.

ಅಣ್ಣನಿಗೂ ಓದಲು ಬರುತ್ತಿರಲಿಲ್ಲ. ಬರೆಸಿದ್ದು ಏನೆಂದು ಗೊತ್ತಿತ್ತು. ತಗ್ಗಿದ ದನಿಯಲ್ಲಿ ಆ ಹೆಸರನ್ನು ಹೇಳಿದ. ಆಕೆ ತಲೆಯಾಡಿಸಿದರು.

ಅಷ್ಟರಲ್ಲಿ ಸ್ಟೇಶನ್ನಿನ ಕಡೆಯಿಂದ ಬಂದ ಗಿರಾಕಿಯೊಬ್ಬ, ಹಿಂದಿನ ದಿನ ಒಯ್ದಿದ್ದ ಕಂಬಳಿಯನ್ನು ಕಟ್ಟೆಯ ಮೇಲೆ ಒಗೆದು, ಆ ಹೆಸರನ್ನೇ ಹಿಡಿದು ಕೂಗಿದ: ಇಂಥ ಅಂಗಡಿಯ ಮಾಲು ಇಷ್ಟೇ, ಕಂಬಳಿ ತುಂಬ ಮುಳ್ಳು ಎಂದು. ಅಣ್ಣ ಅವನನ್ನು ಕಷ್ಟಪಟ್ಟು ಸಮಾಧಾನ ಮಾಡಿ ಕಳಿಸಿದ.

“ಅಳಸ್ರಿ,” ಎಂದರು ಆಕೆ. “ನಾನೂ ಬರೆಸಂಗಿಲ್ಲ. ಸಾರು ಉಪ್ಪಾದ್ರ ಮಂದಿ ಇದನ್ನ ಹಿಡದು ಬೈತಾರ.”

ಅಣ್ಣ ಸೀಮೆಎಣ್ಣೆಯ ಅರಿವೆಯಿಂದ ತಿಕ್ಕಿದ, ಒಣಗಿದ್ದ ಬಣ್ಣ ಹೋಗಲಿಲ್ಲ. ಉಣ್ಣೆ ಕತ್ತರಿಸುವ ಕತ್ತರಿಯ ಅಲಗಿನಿಂದ ಒಂದೊಂದೇ ಅಕ್ಷರವನ್ನು ಕೆರೆದ. ಕೊನೆಯದು ಹೋಗುವವರೆಗೂ ಆಕೆ ಕಟ್ಟೆಯ ಮೇಲೆ ಕುಳಿತಿದ್ದು, ಬಳಿಕ ಬಸ್ಸಿಗೆ ಎದ್ದರು. ನನ್ನ ಕಡೆ ನೋಡಲಿಲ್ಲ.

ಅಧ್ಯಾಪಕರಿಗೆ ಎಲ್ಲವನ್ನೂ ತಿಳಿಸಿದೆ. ಅವರು ಆ ಹಾಳೆಯನ್ನು ಹರಿದು, ಉಳಿದವನ್ನು ಕಟ್ಟಿಟ್ಟರು. “ಬಂದು ಹೇಳಿದಿರಿ, ಒಳ್ಳೆಯದಾಯಿತು. ಆದರೆ ಈ ಕೆಲಸವನ್ನು ಇನ್ನು ನಿಮಗೆ ಕೊಡಲಾರೆ,” ಎಂದರು.

ಆಮೇಲೆ ನಮ್ಮ ಮನೆಯಲ್ಲಿ ಬದಲಾದದ್ದು ಇಷ್ಟು. ಕಾಲೇಜಿನ ಹುದ್ದೆ ನನಗೆ ಸಿಗಲಿಲ್ಲ. ಗೋಗಿ ಎಂಬ ಹಳ್ಳಿಯ ಶಾಲೆಯಲ್ಲಿ ಮಾಸ್ತರನಾದೆ. ಅಣ್ಣ ಬೇರೆ ಹೆಸರು ಬರೆಸಲಿಲ್ಲ. ಕೆರೆದ ಬೋರ್ಡು ಹಾಗೆಯೇ ಉಳಿಯಿತು, ಜನ ಅದನ್ನು ಬಳಿಚಕ್ರದವರ ಅಂಗಡಿ ಎಂದು ಕರೆದರು. ಅಣ್ಣನಿಗೆ ಮಗಳು ಹುಟ್ಟಿದಾಗ, ತೊಟ್ಟಿಲಿನ ಬಳಿ ಕರೆಯುವವರೆಗೂ ಅವಳ ಹೆಸರನ್ನು ನನಗೆ ತಿಳಿಸಲಿಲ್ಲ. ಊಟಕ್ಕೆ ಕುಳಿತಾಗ ಹೊರಗಿನ ಸುದ್ದಿಯನ್ನು ಯಾರೂ ನನ್ನಿಂದ ಕೇಳಲಿಲ್ಲ, ನಾನೂ ಹೇಳಲಿಲ್ಲ.