ಅಪ್ಪ ಬದುಕಿರುವಾಗಲೇ ಹೋದ ಮೀಸೆ

ಗೆಳೆಯರೇ, ನನ್ನ ಮೀಸೆ ನೋಡಲೆಂದೇ ಯಲಹಂಕದಿಂದ ಹೆಬ್ಬಾಳದವರೆಗೆ ಬಸ್ಸುಗಳು ನಿಲ್ಲುತ್ತಿದ್ದವು. ಇಂದು ಬೆಳಿಗ್ಗೆ ಆ ಮೀಸೆ ಹೋಯಿತು. ವಾರಪತ್ರಿಕೆಯ ಜಾಹೀರಾತಿನಲ್ಲಿ ಪೈಲ್ವಾನನ ಚಿತ್ರ ನೋಡಿ, ಅಂಚೆಯಲ್ಲಿ ತರಿಸಿದ್ದ ಮೀಸೆ ಮೇಣ ಹಚ್ಚಿದೆ. ಅದು ಬಡಗಿಯ ಅಂಟಿನಂತೆ ಗಟ್ಟಿಯಾಗಿ, ಕೊನೆಗೆ ಕ್ಷೌರದಂಗಡಿಯಲ್ಲಿ ಪೂರ್ತಿ ಬೋಳಿಸಬೇಕಾಯಿತು.

ನಮ್ಮಲ್ಲಿ ಮೀಸೆ ತೆಗೆಯುವುದು ಅಪ್ಪ ಸತ್ತಾಗ ಮಾತ್ರ. ಸಂಜೆ ಅಕ್ಕನ ಮಗಳನ್ನು ನೋಡಲು ದಾಸರಹಳ್ಳಿಯಿಂದ ಗಂಡಿನವರು ಬರುವವರಿದ್ದರು. ಸೂತಕದ ಮನೆಯೆಂದು ಬಾಗಿಲಿನಿಂದಲೇ ತಿರುಗಿಬಿಟ್ಟರೆ? ಮನೆಗೆ ಬಂದೆ. ಪಕ್ಕದ ಮನೆಯ ನಂಜಮ್ಮ ನನ್ನ ಮುಖ ನೋಡಿದ್ದೇ, "ಅಯ್ಯೋ, ಯಜಮಾನ್ರು ಓಗ್ಬುಟ್ರಾ!" ಎಂದು ಅಳತೊಡಗಿದಳು.

ಜಗಲಿಯ ಮೇಲಿದ್ದ ಅಪ್ಪ ಗುಡುಗಿದರು: "ಲೇ ನಂಜಿ, ನಾನಿನ್ನೂ ಗುಂಡ್‌ಕಲ್ಲಂಗೆ ಕುಂತಿವ್ನಿ ಕಣೇ!" ಆಮೇಲೆ ನನಗೆ, "ಮುಟ್ಠಾಳ, ಅವ್ರು ಬಂದಾಗ ನನ್ ಪಕ್ಕದಲ್ಲೇ ಕುಂತಿರು. ಎದ್ದೀಯಾ, ಜೋಕೆ!"

ಗಂಡಿನವರು ಬಂದರು. ನನ್ನ ಬೋಳು ಮುಖ ಕಂಡು ಅಂಗಳದಲ್ಲೇ ನಿಂತರು. ಅಪ್ಪ ನನ್ನ ಭುಜ ತಟ್ಟಿ, "ಒಳಕ್ ಬನ್ನಿ ಸ್ವಾಮಿ, ಸತ್ತಿರೋದು ಇವನ್ ಬುದ್ಧಿ ಮಾತ್ರ," ಎಂದರು.

ಹುಡುಗಿ ಒಪ್ಪಿಗೆಯಾದಳು. ಮೇಣಕ್ಕೆ ನೂರು ರೂಪಾಯಿ ಸುರಿದೆನೆಂದು ಬೀಗರ ಮುಂದೆ ಜಂಬ ಕೊಚ್ಚಿದೆ. ನಿಜವಾಗಿ ಹೋದದ್ದು ಒಂದೂಕಾಲು ರೂಪಾಯಿ.